ಗಾಲ್ಗಿ ಏನು ಕಂಡರು ಎನ್ನುವ ಮೊದಲು, ಬಾಟಲಿಯಲ್ಲಿ ಏನಿತ್ತು ಎಂದು ಹೇಳಿ

ಮಾನ್ಯ ಸಂಪಾದಕರೇ,

ಇಟಲಿಯ ವೈದ್ಯ ಮತ್ತು ಜೀವಕೋಶ ವಿಜ್ಞಾನಿ ಕಮಿಲ್ಲೊ ಗಾಲ್ಗಿ ಅವರ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆವು. ಜೀವಕೋಶದೊಳಗಿನ ಒಂದು ಭಾಗಕ್ಕೆ 'ಗಾಲ್ಗಿ ಸಂಕೀರ್ಣ' ಎಂದು ಬಾಯಿಪಾಠ ಮಾಡಿ, ಅದರಲ್ಲಿ ಒಬ್ಬ ಮನುಷ್ಯನ ಹೆಸರಿದೆ ಎಂಬುದೂ ತಿಳಿಯದೆ ಪರೀಕ್ಷೆ ಮುಗಿಸುವ ಮಕ್ಕಳಿಗೆ ಇಂಥ ಬರಹ ಬೇಕು. ಆದರೆ ಅದರಲ್ಲಿ ಮೂರು ಮಾತು ತಪ್ಪಾಗಿವೆ, ಒಂದು ದೊಡ್ಡ ವಿಷಯ ಬಿಟ್ಟೇ ಹೋಗಿದೆ. ಮೂರು ತಪ್ಪುಗಳ ಬೇರೂ ಒಂದೇ. ಗಾಲ್ಗಿ ಏನು ಕಂಡರು ಎಂದು ಲೇಖಕರು ಬರೆದಿದ್ದಾರೆ, ಹೇಗೆ ಕಂಡರು ಎಂಬುದರ ಸುದ್ದಿಗೇ ಹೋಗಿಲ್ಲ. ಅಂಗಾಂಶಕ್ಕೆ ಬಣ್ಣ ಹಿಡಿಸುವ ಕೆಲಸದಲ್ಲಿ ಸೂಕ್ಷ್ಮದರ್ಶಕದಡಿ ಕಾಣುವುದರ ಅರ್ಧ ಪಾಲು ಬಾಟಲಿಯಲ್ಲೇ ತೀರ್ಮಾನವಾಗಿರುತ್ತದೆ.

ಮೊದಲು ಹೆಸರಿನ ಮಾತು. ಇಟಲಿಯವರ ಬಾಯಲ್ಲಿ ಅದು 'ಗೊಲ್ಜಿ'. ನಮ್ಮ ಪಠ್ಯಪುಸ್ತಕಗಳಲ್ಲಿ ಗಾಲ್ಗಿ ಎಂದೇ ನೆಲೆಯೂರಿರುವುದರಿಂದ ಇಲ್ಲಿಯೂ ಹಾಗೇ ಬರೆದಿದ್ದೇವೆ. ಇದರಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ.

ಲೇಖನದ ಮೊದಲ ತಪ್ಪು, 'ಮಿದುಳಿನ ತುಂಡು ಅಕಸ್ಮಾತ್ತಾಗಿ ಬೆಳ್ಳಿಯ ದ್ರಾವಣಕ್ಕೆ ಬಿದ್ದು ಕಪ್ಪಾಯಿತು' ಎನ್ನುವ ಕಥೆ. ಕೇಳಲು ಸೊಗಸಾಗಿದೆ, ಆದರೆ ಗಾಲ್ಗಿಯ ಕೆಲಸದ ಜಾಡಿಗೆ ಹೊಂದುವುದಿಲ್ಲ. ಅವರು ಹುಟ್ಟಿದ್ದು 1843ರ ಜುಲೈ 7ರಂದು, ಆಲ್ಪ್ಸ್ ತಪ್ಪಲಿನ ಕೊರ್ತೆನೊ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ವೈದ್ಯರು. 1865ರಲ್ಲಿ ಪಾವಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಅಲ್ಲಿನ ಸಾನ್ ಮತ್ತೇಯೊ ಆಸ್ಪತ್ರೆಯಲ್ಲಿ ಚೆಸಾರೆ ಲೊಂಬ್ರೋಸೊ ಅವರ ಕೈಕೆಳಗೆ ಮನೋರೋಗಿಗಳನ್ನು ನೋಡಿದರು. ತಲೆಬುರುಡೆಯ ಅಳತೆಯಲ್ಲಿ ಮನಸ್ಸನ್ನು ಹುಡುಕುತ್ತಿದ್ದ ಲೊಂಬ್ರೋಸೊ ದಾರಿ ಅವರಿಗೆ ಹೆಚ್ಚು ಕಾಲ ಹಿಡಿಸಲಿಲ್ಲ. ಅಲ್ಲಿಂದ ತಮಗಿಂತ ಕಿರಿಯರಾದ ಜೂಲಿಯೊ ಬಿಟ್ಸೊಝೆರೊ ಅವರ ಪ್ರಯೋಗಾಲಯ ಸೇರಿದರು. ರಕ್ತಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆಂದು ತೋರಿಸಿದ, ಮುಂದೆ ರಕ್ತ ಹೆಪ್ಪುಗಟ್ಟುವುದರಲ್ಲಿ ಕಿರುಬಿಲ್ಲೆಗಳ (ಪ್ಲೇಟ್‌ಲೆಟ್) ಪಾತ್ರವನ್ನು ಗುರುತಿಸಿದ ಬಿಟ್ಸೊಝೆರೊ ಇವರೇ. ಅಂಗಾಂಶವನ್ನು ಗಟ್ಟಿ ಮಾಡುವುದು, ಕೊಯ್ಯುವುದು, ಲವಣಗಳನ್ನು ಒಂದರ ಮೇಲೊಂದು ಪರೀಕ್ಷಿಸುವುದು ಅಲ್ಲಿನ ದಿನಚರಿ.

1872ರಲ್ಲಿ ಗಾಲ್ಗಿ ಮಿಲಾನ್ ಬಳಿಯ ಅಬ್ಬಿಯಾತೆಗ್ರಾಸ್ಸೊ ಊರಿನಲ್ಲಿ, ವಾಸಿಯಾಗದ ಕಾಯಿಲೆಯವರ ಆಸ್ಪತ್ರೆಗೆ ಮುಖ್ಯ ವೈದ್ಯರಾಗಿ ಹೋದರು. ವಿಜ್ಞಾನದ ದೃಷ್ಟಿಯಿಂದ ಅದು ಕಾಡುಪಾಲಾದಂತೆಯೇ. ಆದರೂ ಅಲ್ಲಿನ ಒಂದು ಚಿಕ್ಕ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ಗೆಳೆಯ ನಿಕ್ಕೊಲೊ ಮನ್ಫ್ರೆದಿಗೆ 1873ರ ಫೆಬ್ರವರಿ 16ರಂದು ಬರೆದ ಪತ್ರದಲ್ಲಿ, ಕ್ರೋಮಿಯಂ ಲವಣವಾದ ಡೈಕ್ರೋಮೇಟ್‌ನಲ್ಲಿ ಗಟ್ಟಿಯಾದ ಮಿದುಳಿನ ತುಂಡಿನ ಮೇಲೆ ಸಿಲ್ವರ್ ನೈಟ್ರೇಟನ್ನು ಕ್ರಿಯೆಗೆ ಬಿಟ್ಟೆ, ಫಲಿತಾಂಶ ಕುರುಡರಿಗೂ ಕಾಣುವಂತಿದೆ, ಇದನ್ನು ಇನ್ನೂ ಉತ್ತಮಪಡಿಸುತ್ತೇನೆ ಎಂಬರ್ಥದ ಮಾತುಗಳಿವೆ. ಅಕಸ್ಮಾತ್ ಕಂಡವನ ಬೆರಗಲ್ಲ ಇದು, ಹುಡುಕುತ್ತಿದ್ದವನ ಖುಷಿ. ಮಿದುಳನ್ನು ಡೈಕ್ರೋಮೇಟ್‌ನಲ್ಲಿ ಗಟ್ಟಿ ಮಾಡುವುದು ಆಗಲೇ ರೂಢಿಯಲ್ಲಿತ್ತು. ಬೇರೆ ಅಂಗಾಂಶಗಳ ಮೇಲೆ ಸಿಲ್ವರ್ ನೈಟ್ರೇಟ್ ಬಳಕೆಯೂ ಇತ್ತು. ಇವೆರಡನ್ನು ಒಂದರ ಹಿಂದೊಂದು ಇಟ್ಟದ್ದು ಗಾಲ್ಗಿಯ ಹೊಸತನ. ಅದೇ ವರ್ಷದ ಆಗಸ್ಟ್ 2ರಂದು ಇಟಲಿಯ ಒಂದು ವೈದ್ಯ ಪತ್ರಿಕೆಯಲ್ಲಿ, ಮಿದುಳಿನ ಬೂದುಭಾಗದ ರಚನೆ ಕುರಿತ ಪುಟ್ಟ ಲೇಖನವಾಗಿ ಅದು ಹೊರಬಂತು.

ಇನ್ನು ಬಾಟಲಿಯ ವಿಷಯ. ತೀರ ತಾಜಾ ಮಿದುಳಿನಿಂದ ಒಂದು, ಒಂದೂವರೆ ಸೆಂಟಿಮೀಟರ್ ಅಗಲದ ತುಂಡು ಕೊಯ್ದು ಶೇ 2ರ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ಮುಳುಗಿಸುತ್ತಿದ್ದರು. ಮುಲ್ಲರ್ ದ್ರವವೂ ಆಗುತ್ತಿತ್ತು, ಎಂದರೆ 100 ಮಿಲಿಲೀಟರ್ ನೀರಿಗೆ ಎರಡೂವರೆ ಗ್ರಾಂ ಡೈಕ್ರೋಮೇಟ್, ಒಂದು ಗ್ರಾಂ ಸೋಡಿಯಂ ಸಲ್ಫೇಟ್. ದ್ರಾವಣವನ್ನು ಆಗಾಗ ಬದಲಿಸಿ, ಬಲವನ್ನು ಮೆಲ್ಲಗೆ ಏರಿಸಬೇಕು. ಬೇಸಿಗೆಯಲ್ಲಿ 15ರಿಂದ 20 ದಿನಕ್ಕೆ ತುಂಡು ಹದಕ್ಕೆ ಬರಲು ಶುರುವಾದರೆ, ಚಳಿಗಾಲದಲ್ಲಿ ತಿಂಗಳೊಳಗೆ ಸರಿಯಾಗುವುದು ಅಪರೂಪ, ಕೆಲವೊಮ್ಮೆ ಮೂರು ನಾಲ್ಕು ತಿಂಗಳೂ ಹಿಡಿಯುತ್ತಿತ್ತು. ಹದ ಬಂತೇ ಎಂದು ತಿಳಿಯಲು ಬೇರೆ ದಾರಿಯಿಲ್ಲ: ಕೆಲವು ದಿನಕ್ಕೊಮ್ಮೆ ಒಂದೊಂದೇ ತುಂಡು ತೆಗೆದು ಬೆಳ್ಳಿಗೆ ಹಾಕಿ ನೋಡುವುದು.

ಬೆಳ್ಳಿಯ ಹಂತದಲ್ಲಿ ಸಿಲ್ವರ್ ನೈಟ್ರೇಟ್ ಸುಮಾರು ಶೇ 0.75. ತುಂಡು ಇಳಿಸಿದ ಕ್ಷಣವೇ ದ್ರಾವಣದಲ್ಲಿ ದಟ್ಟ ಮಡ್ಡಿ ಏಳುತ್ತದೆ. ಅದು ಸಿಲ್ವರ್ ಕ್ರೋಮೇಟ್. ಈ ಮಡ್ಡಿಯೇ ಬೆಳ್ಳಿಯನ್ನೆಲ್ಲ ಕುಡಿದುಬಿಟ್ಟರೆ ತುಂಡಿನ ಒಳಕ್ಕೆ ಹೋಗಲು ಏನೂ ಉಳಿಯುವುದಿಲ್ಲ. ಹಾಗಾಗಿ ಮೊದಲು, ಒಮ್ಮೆ ಬಳಸಿಟ್ಟ ಹಳೆಯ ತೆಳು ದ್ರಾವಣದಲ್ಲಿ ತುಂಡನ್ನು ತೊಳೆಯಬೇಕು. ಮಡ್ಡಿ ಏಳುವುದು ನಿಂತ ಮೇಲೆ ಹೊಸ ದ್ರಾವಣಕ್ಕೆ ಹಾಕಿ 24ರಿಂದ 48 ಗಂಟೆ ಬಿಡಬೇಕು. ಅಷ್ಟರಲ್ಲಿ ಕೆಲವು ನರಕೋಶಗಳೊಳಗೆ ಸಿಲ್ವರ್ ಕ್ರೋಮೇಟ್ ಹರಳುಗಟ್ಟಿ, ಕೋಶದ ಒಡಲು, ಕೊಂಬೆ, ರೆಂಬೆ ಎಲ್ಲವನ್ನೂ ತುಂಬಿರುತ್ತದೆ. ಬಿಡಿಯಾಗಿ ನೋಡಿದರೆ ಸಿಲ್ವರ್ ಕ್ರೋಮೇಟ್ ಇಟ್ಟಿಗೆಗೆಂಪು. ಕೋಶದೊಳಗೆ ದಟ್ಟವಾಗಿ ತುಂಬಿ ಬೆಳಕನ್ನು ತಡೆಯುವುದರಿಂದ ಹಳದಿ ಹಿನ್ನೆಲೆಯಲ್ಲಿ ಮಸಿಯಂತೆ ಕಾಣುತ್ತದೆ. 'ಕಪ್ಪು ಪ್ರತಿಕ್ರಿಯೆ' ಎಂಬ ಹೆಸರು ಬಂದದ್ದು ಹೀಗೆ.

ಈ ವಿಧಾನದ ಜೀವಾಳ ಅದರ ಜಿಪುಣತನದಲ್ಲಿದೆ. ನೂರು ಕೋಶಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ಬಣ್ಣ ಹಿಡಿಯುತ್ತದೆ, ಆದರೆ ಹಿಡಿದದ್ದಕ್ಕೆ ಪೂರ್ತಿ ಹಿಡಿಯುತ್ತದೆ. ಎಲ್ಲ ಕೋಶಗಳೂ ಕಪ್ಪಾಗಿದ್ದರೆ ಕಾಣುತ್ತಿದ್ದುದು ಮಸಿಮುದ್ದೆ. ತೆಂಗಿನ ತೋಟದಲ್ಲಿ ಒಂದೇ ಮರವನ್ನು ಬೇರಿನಿಂದ ಗರಿಯವರೆಗೆ ಎತ್ತಿ ತೋರಿಸಿ, ಮಿಕ್ಕವನ್ನೆಲ್ಲ ಮಾಯ ಮಾಡಿದಂತೆ ಇದು. ಇದರಿಂದಲೇ 0.1 ಮಿಲಿಮೀಟರಿನಷ್ಟು ದಪ್ಪ ಕೊಯ್ತದಲ್ಲೂ ಒಂದು ಕೋಶವನ್ನು ಆದಿಯಿಂದ ಅಂತ್ಯದವರೆಗೆ ಹಿಂಬಾಲಿಸಬಹುದು. ಇಷ್ಟು ವರ್ಷ ಕಳೆದರೂ, ಪಕ್ಕಪಕ್ಕದ ಎರಡು ಕೋಶಗಳಲ್ಲಿ ಒಂದು ಬೆಳ್ಳಿಯನ್ನು ಏಕೆ ಒಳಗೆ ಕರೆಯುತ್ತದೆ, ಇನ್ನೊಂದು ಏಕೆ ಇಲ್ಲ ಎಂಬುದಕ್ಕೆ ಎಲ್ಲರೂ ಒಪ್ಪಿದ ಉತ್ತರ ವಿಜ್ಞಾನದಲ್ಲಿಲ್ಲ.

ಕೆಡುವ ದಾರಿಗಳು ಹಲವು. ಡೈಕ್ರೋಮೇಟ್‌ನಲ್ಲಿ ಕಾಲ ಸಾಲದಿದ್ದರೆ ನರಕೋಶದ ಬದಲು ಅದರ ಸುತ್ತಲಿನ ಆಧಾರ ಕೋಶಗಳೂ ರಕ್ತನಾಳಗಳೂ ಕಪ್ಪಾಗುತ್ತವೆ. ಹೆಚ್ಚಾದರೆ ತುಂಡು ಪುಡಿಪುಡಿಯಾಗುವಷ್ಟು ಬಿರುಸಾಗಿ, ಬೆಳ್ಳಿ ಹಿಡಿಯುವುದೇ ಇಲ್ಲ. ತುಂಡಿನ ಹೊರಮೈ ಮೇಲೆ ಹರಳಿನ ಹೊಪ್ಪಳೆ ಕಟ್ಟಿ ಅಂಚಿನ ಕೋಶಗಳನ್ನೆಲ್ಲ ಮುಚ್ಚುತ್ತದೆ. ಮಿದುಳಿನ ತೊಗಟೆಯೇ ಬೇಕಿದ್ದವರಿಗೆ ಅದು ದೊಡ್ಡ ನಷ್ಟ, ಅದಕ್ಕೆ ಮುಂದಿನವರು ತುಂಡಿಗೆ ಜೆಲಟಿನ್ ಲೇಪಿಸಿದರು. ನಲ್ಲಿ ನೀರು ಸಲ್ಲದು, ಅದರಲ್ಲಿನ ಕ್ಲೋರೈಡ್ ಬೆಳ್ಳಿಯನ್ನು ಬಿಳಿ ಮಡ್ಡಿಯಾಗಿ ಕೂರಿಸಿಬಿಡುತ್ತದೆ. ಲೋಹದ ಚಿಮಟವನ್ನು ಅದ್ದಬಾರದು. ಕೊಯ್ದ ಪದರಗಳನ್ನು ಆಲ್ಕೋಹಾಲಿನಲ್ಲಿ ಮೂರು ನಾಲ್ಕು ಸಲ ತೊಳೆದು ಉಳಿಕೆ ಬೆಳ್ಳಿಯನ್ನು ತೆಗೆಯದಿದ್ದರೆ ಸ್ಲೈಡಿನ ತುಂಬ ಮಸಿ ಹರಡುತ್ತದೆ. ಮೇಲೆ ಕವರ್ ಗಾಜು ಮುಚ್ಚಿದರೆ ಚಿತ್ರ ಬೇಗ ಕೆಡುತ್ತಿದ್ದುದರಿಂದ, ಆ ಕಾಲದವರು ರಾಳದ ಹನಿ ಹಾಕಿ ತೆರೆದೇ ಒಣಗಿಸುತ್ತಿದ್ದರು. ಇಷ್ಟೆಲ್ಲ ಮಾಡಿದರೂ ಹತ್ತು ತುಂಡಿನಲ್ಲಿ ಎಷ್ಟು ಕೈಹಿಡಿಯುತ್ತವೆ ಎಂದು ಯಾರೂ ಮಾತು ಕೊಡಲಾರರು. 1873ರಲ್ಲಿ ಪ್ರಕಟವಾದ ವಿಧಾನ ಜರ್ಮನಿಯ ಪ್ರಯೋಗಾಲಯಗಳಿಗೆ ಹಬ್ಬಲು, ಅಲ್ಲಿನ ಅಂಗಾಂಶ ವಿಜ್ಞಾನಿ ಕೋಲಿಕರ್ 1887ರಲ್ಲಿ ಪಾವಿಯಾಕ್ಕೆ ಬಂದು ಸ್ಲೈಡುಗಳನ್ನು ಕಣ್ಣಾರೆ ನೋಡಬೇಕಾಯಿತು. ಭಾಷೆಯ ತೊಡಕಿನಷ್ಟೇ ಈ ಹಟಮಾರಿತನವೂ ಅದಕ್ಕೆ ಕಾರಣವಿರಬೇಕು.

ಈಗ ಎರಡನೇ ತಪ್ಪಿಗೆ ಬರೋಣ. 'ನರಮಂಡಲ ಒಂದೇ ಬಲೆ ಎಂದು ನಂಬಿದ್ದ ಗಾಲ್ಗಿ, ಸ್ಪೇನಿನ ಕಹಾಲ್ ಮುಂದೆ ಸೋತರು' ಎಂಬ ವಾಕ್ಯದ ಸಂಗತಿ ಸುಳ್ಳಲ್ಲ, ಹೇಳಿದ ರೀತಿ ತಪ್ಪು: ಅದು ಮೊಂಡುತನದ ಕಥೆಯಷ್ಟೇ ಆಗಿ ಉಳಿದಿದೆ. ಗಾಲ್ಗಿ ಹಾಗೆ ನಂಬಲು ಸ್ಲೈಡಿನಲ್ಲೇ ಕಾರಣವಿತ್ತು. ಅವರು ಹೆಚ್ಚಾಗಿ ನೋಡಿದ್ದು ಬೆಳೆದ ಪ್ರಾಣಿಗಳ ಮಿದುಳು. ಬೆಳೆದ ಮಿದುಳಿನಲ್ಲಿ, ಕೋಶದ ಸಂದೇಶವನ್ನು ಹೊರಗೊಯ್ಯುವ ಉದ್ದನೆಯ ಎಳೆಗಳಾದ ಆಕ್ಸಾನ್‌ಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬಂದಿರುತ್ತದೆ. ಅಲ್ಲಿಗೆ ಬೆಳ್ಳಿ ಹೋಗುವುದಿಲ್ಲ. ಕೋಶದಿಂದ ಹೊರಟ ಎಳೆ ಸ್ವಲ್ಪ ದೂರ ಕಪ್ಪಾಗಿ ಕಂಡು, ಮಯಲಿನ್ ಶುರುವಾದಲ್ಲಿ ಮಂಗಮಾಯ. ಹಾಗಾಗಿ ಅದು ಎಲ್ಲಿ ಮುಗಿಯಿತು ಎಂದು ಹೇಳುವಂತಿಲ್ಲ. ಉಳಿದು ಕಾಣುವ ಸಣ್ಣ ಕವಲುಗಳೋ ದಪ್ಪ ಕೊಯ್ತದೊಳಗೆ ಒಂದರ ಮೇಲೊಂದು ಹಾಯ್ದು ಬಲೆಯ ರೂಪ ತಾಳುತ್ತವೆ. ಎರಡು ಎಳೆ ಕೂಡಿವೆಯೋ, ಮೇಲೆ ಕೆಳಗೆ ಹಾದುಹೋಗಿವೆಯೋ ಎಂದು ತೀರ್ಮಾನಿಸಲು ಬೆಳಕಿನ ಸೂಕ್ಷ್ಮದರ್ಶಕದ ಶಕ್ತಿ ಸಾಲದು. ಅದರ ಮಿತಿ ಸುಮಾರು 200 ನ್ಯಾನೋಮೀಟರ್, ಎರಡು ನರಕೋಶಗಳ ನಡುವಿನ ಸಂದು ಸುಮಾರು 20.

ಸಾಂಟಿಯಾಗೊ ರಮೋನ್ ಇ ಕಹಾಲ್ ಗೆದ್ದದ್ದು ವಾದದಿಂದಲ್ಲ, ತುಂಡನ್ನು ಆರಿಸಿಕೊಂಡದ್ದರಿಂದ. 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಗಾಲ್ಗಿ ವಿಧಾನದ ಸ್ಲೈಡು ನೋಡಿದ ಅವರು, ಹಕ್ಕಿಯ ಭ್ರೂಣ ಮತ್ತು ಎಳೆಯ ಪ್ರಾಣಿಗಳ ಮಿದುಳನ್ನು ತೆಗೆದುಕೊಂಡರು. ಅಲ್ಲಿ ಮಯಲಿನ್ ಇನ್ನೂ ಬಂದಿರುವುದಿಲ್ಲ, ಎಳೆ ಕೊನೆಯವರೆಗೂ ಕಪ್ಪಾಗುತ್ತದೆ. ದ್ರಾವಣ ಗಾಲ್ಗಿಯದೇ ಶೀಘ್ರ ವಿಧಾನದ್ದು: ಶೇ 3ರ ಡೈಕ್ರೋಮೇಟ್ ನಾಲ್ಕು ಪಾಲು, ಶೇ 1ರ ಆಸ್ಮಿಯಂ ಟೆಟ್ರಾಕ್ಸೈಡ್ ಒಂದು ಪಾಲು. ಎರಡು ಮೂರು ದಿನ ಇಟ್ಟರೆ ಆಧಾರ ಕೋಶಗಳು, ಮೂರರಿಂದ ಐದು ದಿನಕ್ಕೆ ನರಕೋಶಗಳು, ಐದರಿಂದ ಏಳು ದಿನಕ್ಕೆ ನರತಂತುಗಳು ಚೆನ್ನಾಗಿ ಬರುತ್ತವೆ. ಬೆಳ್ಳಿಯಾದ ಮೇಲೆ ಮತ್ತೆ ಡೈಕ್ರೋಮೇಟ್, ಮತ್ತೆ ಬೆಳ್ಳಿ ಎಂದು ಇಮ್ಮಡಿ ಮಾಡಿದ್ದು ಕಹಾಲ್ ಸೇರಿಸಿದ ಗುಟ್ಟು. ಎಳೆಗಳು ಕೂಡದೆ, ಬಿಡಿಯಾಗಿ ಮುಗಿಯುವುದು 1888ರಲ್ಲಿ ಅವರಿಗೆ ಕಂಡಿತು. 1891ರಲ್ಲಿ ಜರ್ಮನಿಯ ಅಂಗರಚನಾ ವಿಜ್ಞಾನಿ ವಾಲ್ಡಯರ್ ಆ ಬಿಡಿ ಕೋಶಕ್ಕೆ 'ನ್ಯೂರಾನ್' ಎಂದು ಹೆಸರಿಟ್ಟರು.

1906ರ ನೊಬೆಲ್ ಬಹುಮಾನ ಇಬ್ಬರಿಗೂ ಹಂಚಿ ಬಂತು. ಡಿಸೆಂಬರ್ 11ರಂದು ಗಾಲ್ಗಿ ಭಾಷಣ, ಮರುದಿನ ಕಹಾಲ್ ಭಾಷಣ. ಆ ಹೊತ್ತಿಗೆ ಬಹುಪಾಲು ವಿಜ್ಞಾನಿಗಳು ನ್ಯೂರಾನ್ ವಾದವನ್ನು ಒಪ್ಪಿದ್ದರೂ ಗಾಲ್ಗಿ ತಮ್ಮ ಭಾಷಣದುದ್ದಕ್ಕೂ ಅದನ್ನು ಅಲ್ಲಗಳೆದರು. ಇಲ್ಲಿ ಅವರ ಪರ ವಾದಿಸಲು ನಮ್ಮ ಬಳಿ ಏನೂ ಇಲ್ಲ. ಎಳೆಯ ಮಿದುಳಿನ ಸ್ಲೈಡುಗಳು ಅವರ ಮುಂದೆಯೂ ಇದ್ದವು. ಆದರೆ ಬಲೆಯ ವಾದದ ನಡುವೆಯೇ ಅವರು ಮಾಡಿದ ಒಂದು ವಿಂಗಡಣೆ ಇವತ್ತಿಗೂ ನಿಂತಿದೆ: ಆಕ್ಸಾನ್ ಬಹುದೂರ ಹೋಗುವ ಕೋಶಗಳು, ಆಕ್ಸಾನ್ ಹತ್ತಿರದಲ್ಲೇ ಕವಲೊಡೆದು ಮುಗಿಯುವ ಕೋಶಗಳು. ಅವಕ್ಕೆ ಗಾಲ್ಗಿ ಒಂದನೇ ಬಗೆ, ಎರಡನೇ ಬಗೆ ಎಂದೇ ಹೆಸರು. ಸ್ನಾಯುವಿನ ಬಿಗಿತವನ್ನು ಬೆನ್ನುಹುರಿಗೆ ತಿಳಿಸುವ, ಸ್ನಾಯುರಜ್ಜುವಿನೊಳಗಿನ ಪುಟ್ಟ ಅಂಗವೂ ಅವರ ಹೆಸರಿನಲ್ಲೇ ಇದೆ.

ಮೂರನೇ ತಪ್ಪು ನಿಮ್ಮ ಚಿತ್ರದ್ದು. ಗಾಲ್ಗಿ ಸಂಕೀರ್ಣವೆಂದು ಒತ್ತೊತ್ತಾಗಿ ಪೇರಿಸಿದ ಚಪ್ಪಟೆ ಚೀಲಗಳ ಚಿತ್ರ ಹಾಕಿ, ಕೆಳಗೆ '1898ರಲ್ಲಿ ಗಾಲ್ಗಿ ಕಂಡದ್ದು' ಎಂದು ಬರೆದಿದ್ದೀರಿ. ಅವರು ಅದನ್ನು ಕಾಣಲಿಲ್ಲ, ಕಾಣಲು ಸಾಧ್ಯವೂ ಇರಲಿಲ್ಲ. ಚೀಲಗಳ ದಪ್ಪ ಆಗಿನ ಸೂಕ್ಷ್ಮದರ್ಶಕದ ಮಿತಿಗಿಂತ ಎಷ್ಟೋ ಪಟ್ಟು ಕಡಿಮೆ. 1898ರ ಏಪ್ರಿಲ್‌ನಲ್ಲಿ ಪಾವಿಯಾದ ವೈದ್ಯ ಸಂಘದ ಮುಂದೆ ಅವರು ವಿವರಿಸಿದ್ದು, ಕಣಜಗೂಬೆಯ ಕಿರುಮೆದುಳಿನ ಪರ್ಕಿಂಜೆ ಎಂಬ ದೊಡ್ಡ ನರಕೋಶದೊಳಗೆ ಬೆಳ್ಳಿ ಹಿಡಿದ ಒಂದು ಎಳೆಎಳೆಯಾದ ಜಾಲ. ಅದು ಕೋಶಕೇಂದ್ರದ ಸುತ್ತ ಹೆಣೆದುಕೊಂಡಿತ್ತು, ಕೋಶದ ಅಂಚಿಗೆ ತಾಗಿರಲಿಲ್ಲ, ನಡುವೆ ಖಾಲಿ ಪಟ್ಟಿಯಿತ್ತು. ಕೋಶದ ಹೊರಮೈಗೆ ಸುತ್ತಿಕೊಂಡ ಇನ್ನೊಂದು ಜಾಲವನ್ನೂ ಅವರೇ ವಿವರಿಸಿದ್ದರಿಂದ, ಇದನ್ನು 'ಒಳಗಿನ' ಜಾಲ ಎಂದು ಬೇರ್ಪಡಿಸಿ ಕರೆದರು. ಶಿಷ್ಯ ಎಮಿಲಿಯೊ ವೆರಾತ್ತಿ ಬೇರೆ ನರಕೋಶಗಳಲ್ಲೂ ಅದನ್ನು ತೋರಿಸಿದ ಮೇಲೆಯೇ ಅವರಿಗೆ ಧೈರ್ಯ ಬಂದದ್ದು.

ಮುಂದಿನ ಅರ್ಧ ಶತಮಾನ ಈ ಜಾಲ ನಿಜವೋ ಬಾಟಲಿಯ ಕಿತಾಪತಿಯೋ ಎಂಬ ಜಗಳ ನಡೆಯಿತು. ಅನುಮಾನಪಟ್ಟವರನ್ನು ದೂರುವಂತಿಲ್ಲ. ಹಟಮಾರಿ ವಿಧಾನ, ಒಮ್ಮೆ ಬಂದರೆ ನಾಲ್ಕು ಸಲ ಬರದು. ಆಸ್ಮಿಯಂ ಮತ್ತು ಬೆಳ್ಳಿ ಎರಡೂ ಎಲ್ಲೆಂದರಲ್ಲಿ ಮಡ್ಡಿ ಕೂರಿಸುವ ಜಾತಿಯವೇ. ಜೀವಂತ ಕೋಶದಲ್ಲಿ ಅದು ಸುಲಭವಾಗಿ ಕಣ್ಣಿಗೆ ಬೀಳುತ್ತಲೂ ಇರಲಿಲ್ಲ. 1954ರಲ್ಲಿ ಡಾಲ್ಟನ್ ಮತ್ತು ಫೆಲಿಕ್ಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚೀಲಗಳ ಪೇರಿಕೆಯನ್ನು ತೋರಿಸಿದ ಮೇಲೆ ಜಗಳ ತಣ್ಣಗಾಯಿತು. ಕೋಶದಲ್ಲಿ ತಯಾರಾದ ಪ್ರೋಟೀನಿಗೆ ಸಕ್ಕರೆಯ ಅಣು ಅಂಟಿಸಿ, ವಿಂಗಡಿಸಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಳಿಸುವ ಕೆಲಸ ಅದರದೆಂದು ತಿಳಿದದ್ದು ಅದಕ್ಕೂ ಆಮೇಲೆ. ನಿಮ್ಮ ಚಿತ್ರ 1898ರದಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಾಲದ್ದು.

ಬಿಟ್ಟುಹೋದ ದೊಡ್ಡ ವಿಷಯ ಮಲೇರಿಯಾ. ಗಾಲ್ಗಿಯನ್ನು ವೈದ್ಯ ಎಂದು ಕರೆದ ಲೇಖನ, ಅವರ ವೈದ್ಯಕೀಯದ ಅತಿ ಮುಖ್ಯ ಕೆಲಸವನ್ನೇ ಹೇಳಿಲ್ಲ. ಫ್ರಾನ್ಸಿನ ಸೇನಾ ವೈದ್ಯ ಲವೆರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಪರಾವಲಂಬಿಯನ್ನು ಕಂಡಿದ್ದರು. ಚಳಿಜ್ವರ ಗಡಿಯಾರ ನೋಡಿಕೊಂಡು ಬಂದಂತೆ ಏಕೆ ಬರುತ್ತದೆ ಎಂಬುದು ತಿಳಿದಿರಲಿಲ್ಲ. ಗಾಲ್ಗಿ 1885ರಿಂದ ಪಾವಿಯಾದ ರೋಗಿಗಳ ಬೆರಳಿನ ರಕ್ತವನ್ನು ಹೊತ್ತುಹೊತ್ತಿಗೆ ತೆಗೆದು ನೋಡಿದರು. ಪರಾವಲಂಬಿ ಕೆಂಪು ರಕ್ತಕಣದೊಳಗೆ ಬೆಳೆದು, ಸೇವಂತಿಗೆ ಎಸಳಿನಂತೆ ಹಲವು ಮರಿಗಳಾಗಿ ಸೀಳಿ, ಕಣವನ್ನು ಒಡೆದು ಹೊರಬೀಳುತ್ತದೆ. ಒಡೆಯುವ ಹೊತ್ತೇ ನಡುಕ ಹತ್ತುವ ಹೊತ್ತು. ಒಂದು ಜಾತಿಗೆ ಈ ಸುತ್ತು 48 ಗಂಟೆ, ಇನ್ನೊಂದಕ್ಕೆ 72. ಹಾಗಾಗಿ ಒಂದರಲ್ಲಿ ದಿನ ಬಿಟ್ಟು ದಿನ ಜ್ವರ, ಇನ್ನೊಂದರಲ್ಲಿ ಎರಡು ದಿನ ಬಿಟ್ಟು ಜ್ವರ. ದಿನವೂ ಜ್ವರ ಬರುವ ರೋಗಿಯ ರಕ್ತದಲ್ಲಿ 48 ಗಂಟೆಯ ಜಾತಿಯ ಎರಡು ತಂಡಗಳು ಒಂದು ದಿನದ ಅಂತರದಲ್ಲಿ ಬೆಳೆಯುತ್ತಿರಬಹುದು, ಇಲ್ಲವೇ 72 ಗಂಟೆಯ ಜಾತಿಯ ಮೂರು ತಂಡಗಳು.

ಔಷಧಿ ಕೊಡುವವರಿಗೆ ಇದರಿಂದ ನೇರ ಉಪಯೋಗವಾಯಿತು. ಕ್ವಿನೈನ್ ಚೆನ್ನಾಗಿ ಹಿಡಿಯುವುದು ಆಗಷ್ಟೇ ಹೊರಬಿದ್ದ ಎಳೆಯ ಪರಾವಲಂಬಿಗಳ ಮೇಲೆ ಎಂಬುದು ಗಾಲ್ಗಿಯ ಅಭಿಪ್ರಾಯವಾಗಿತ್ತು. ಆದ್ದರಿಂದ ನಡುಕ ಶುರುವಾದ ಮೇಲೆ ಕೊಡುವ ಬದಲು, ಬರಬಹುದಾದ ಹೊತ್ತಿಗೆ ಕೆಲವು ಗಂಟೆ ಮುಂಚೆ ಕೊಟ್ಟರೆ ಮರಿಗಳು ಹೊರಬೀಳುವಾಗ ಔಷಧಿ ರಕ್ತದಲ್ಲಿ ಸಿದ್ಧವಾಗಿರುತ್ತದೆ. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಪರಾವಲಂಬಿಯನ್ನು ಕಂಡದ್ದು 1897ರಲ್ಲಿ, ಇದಕ್ಕೆ ಎಷ್ಟೋ ವರ್ಷ ಆಮೇಲೆ.

ಪಾವಿಯಾದ ಅವರ ಪ್ರಯೋಗಾಲಯದಲ್ಲೇ 1903ರಲ್ಲಿ ಅಡೆಲ್ಕಿ ನೆಗ್ರಿ, ಹುಚ್ಚುನಾಯಿ ರೋಗದಲ್ಲಿ ಸತ್ತ ಪ್ರಾಣಿಗಳ ನರಕೋಶದೊಳಗೆ ದುಂಡನೆಯ ಕಾಯಗಳನ್ನು ಗುರುತಿಸಿದರು. ನೆಗ್ರಿ ಅದನ್ನು ಏಕಕೋಶ ಜೀವಿ ಎಂದುಕೊಂಡದ್ದು ತಪ್ಪಾಯಿತು, ಗುರುತು ಮಾತ್ರ ದಶಕಗಳ ಕಾಲ ರೋಗ ಪತ್ತೆಗೆ ಆಧಾರವಾಯಿತು. ಎಲ್ಲ ಪ್ರಕರಣಗಳಲ್ಲೂ ಆ ಕಾಯಗಳು ಕಾಣುವುದಿಲ್ಲವಾದ್ದರಿಂದ ಈಗ ಹೊಳೆಯುವ ಪ್ರತಿಕಾಯ ಬಳಸುವ ಪರೀಕ್ಷೆಯೇ ಮುಖ್ಯ.

ಕಪ್ಪು ಪ್ರತಿಕ್ರಿಯೆ ವಸ್ತುಸಂಗ್ರಹಾಲಯ ಸೇರಿಲ್ಲ ಎನ್ನಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1990ರ ದಶಕದಲ್ಲಿ ಇಲಿಗಳ ನರಕೋಶದ ಕವಲುಗಳನ್ನು ಎಣಿಸಲು ಶೀಘ್ರ ಗಾಲ್ಗಿ ವಿಧಾನವನ್ನೇ ಬಳಸಿದ್ದಾರೆ. 2002ರಲ್ಲಿ ಅದೇ ಊರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಿಂದ ಬಂದ ಪ್ರಬಂಧವೂ ಈ ವಿಧಾನದ ಮೇಲೆ ನಿಂತದ್ದು. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಕಟ್ಟಿಹಾಕಿದ ಇಲಿಗಳಲ್ಲಿ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ಕೋಶಗಳ ಕವಲು ಕುಗ್ಗಿದರೆ, ಭಯಕ್ಕೆ ಸಂಬಂಧಿಸಿದ ಅಮಿಗ್ಡಾಲದ ಕೋಶಗಳ ಕವಲು ಹಬ್ಬಿದ್ದವು. ಇಡೀ ಕೋಶವನ್ನು ಕೊನೆಯ ರೆಂಬೆಯವರೆಗೆ ಅಳೆಯುವ ಇಂಥ ಕೆಲಸಕ್ಕೆ 1873ರ ಜಿಪುಣ ಬೆಳ್ಳಿ ಈಗಲೂ ಒಗ್ಗುತ್ತದೆ.

ಗಾಲ್ಗಿಯ ಉಳಿದ ಬದುಕನ್ನು ಲೇಖನ ಸರಿಯಾಗಿಯೇ ಹೇಳಿದೆ: ಪಾವಿಯಾದ ಕುಲಪತಿ, ಸೆನೆಟರ್, ಮೊದಲ ಮಹಾಯುದ್ಧದಲ್ಲಿ ಸೈನಿಕರ ಆಸ್ಪತ್ರೆಯ ಹೊಣೆ, 1926ರ ಜನವರಿ 21ರಂದು ಮರಣ. ಹುಟ್ಟೂರಿನ ಹೆಸರು ಈಗ ಕೊರ್ತೆನೊ ಗಾಲ್ಗಿ ಎಂಬುದನ್ನೂ ಸೇರಿಸಬಹುದಿತ್ತು.

ಆದ್ದರಿಂದ ನಮ್ಮ ಕೋರಿಕೆ ಎರಡು. ಮುಂದಿನ ಸಂಚಿಕೆಯಲ್ಲಿ ಚಿತ್ರದ ಅಡಿಬರಹವನ್ನು ತಿದ್ದಿ. ಲೇಖನದ ಕೊನೆಗೆ 'ಶಾಲೆಯ ವಿಜ್ಞಾನ ಮೇಳದಲ್ಲಿ ಮಕ್ಕಳೂ ಇದನ್ನು ಮಾಡಿ ನೋಡಬಹುದು' ಎಂದಿರುವ ಸಾಲನ್ನು ದಯವಿಟ್ಟು ಹಿಂಪಡೆಯಿರಿ. ಡೈಕ್ರೋಮೇಟ್‌ನಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು, ಚರ್ಮಕ್ಕೂ ತಾಗಬಾರದು. ಆಸ್ಮಿಯಂ ಟೆಟ್ರಾಕ್ಸೈಡಿನ ಆವಿ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನೇ (ಕಾರ್ನಿಯಾ) ಸುಡುತ್ತದೆ, ಹೊಗೆ ಎಳೆಯುವ ಕಪಾಟಿಲ್ಲದೆ ಅದರ ಬಾಟಲಿ ತೆರೆಯುವಂತಿಲ್ಲ. ಬಳಸಿದ ದ್ರಾವಣವನ್ನು ಸಿಂಕಿಗೆ ಸುರಿಯುವಂತೆಯೂ ಇಲ್ಲ. ಮೇಳಕ್ಕೆ ಕೋಶ ತೋರಿಸಲೇಬೇಕೆಂದಿದ್ದರೆ, ಈರುಳ್ಳಿಯ ಒಳಪೊರೆಗೆ ಒಂದು ಹನಿ ತೆಳು ಅಯೋಡಿನ್ ಹಾಕಿದರೆ ಸಾಕು.

ಇಂತಿ ನಿಮ್ಮ ಓದುಗರು,
ಅಂಗಾಂಶಶಾಸ್ತ್ರದ ಕೆಲವು ಬೋಧಕರು ಮತ್ತು ಪ್ರಯೋಗಾಲಯ ತಂತ್ರಜ್ಞರು, ಮೈಸೂರು